ಅವ್ವ ಕಟ್ಟಿದ ದರ

ನಮ್ಮವ್ವ ಕಂಪ್ಲಿ ಕಡೆಯ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಮುಂದಾಳಾಗಿದ್ದಳು. ಯಾರೂ ಆರಿಸಿ ಕೂರಿಸಿದ್ದಲ್ಲ. ಬೆಳಗಿನ ಜಾವ ಕೇರಿಯ ಬಾಗಿಲುಗಳನ್ನು ತಟ್ಟಿ ಎಲ್ಲರನ್ನೂ ಎಬ್ಬಿಸುವವಳು ಅವಳೇ; ಬದುವಿನ ಮೇಲೆ ನಿಂತು ಹೊಲದ ಧಣಿಯ ಜೊತೆ ಕೂಲಿ ಮಾತಾಡುವವಳೂ ಅವಳೇ. ಹೀಗೆ ಬರಬರುತ್ತ ಆ ಜಾಗ ಅವಳದಾಯಿತು. ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟರೆಂದು ಸುದ್ದಿ ಬಂದಾಗಿನಿಂದ ನಾಟಿ ಮುಗಿಯುವ ತನಕ ಅವಳ ಕಾಲ್ಬೆರಳ ಸಂದಿಗಳು ಕೆಸರಿಗೆ ಬೆಳ್ಳಗೆ ನೆನೆದಿರುತ್ತಿದ್ದವು. ಸಂಜೆ ಬಂದು ಬೇವಿನೆಣ್ಣೆ ಸವರಿಕೊಂಡು, ಒಲೆಯ ಮುಂದೆ ಕಾಲು ಚಾಚಿ ಕೂತು, ನಾಳೆ ಯಾರ ಗದ್ದೆ, ಯಾರು ಬರುತ್ತಾರೆ, ಯಾರಿಗೆ ಮೈ ಸರಿಯಿಲ್ಲ ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಅಪ್ಪ ಊರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ನಾನು, ನನ್ನ ತಮ್ಮ ಇವರಿಬ್ಬರ ಕೂಲಿಯಲ್ಲಿ ಬೆಳೆದವರು.

ಬೇಸಾಯದಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಜನ ಸಾಮಾನ್ಯವಾಗಿ ಹೊಲ ಇದ್ದವರ ಬಾಯಿಂದ ಕೇಳುತ್ತಾರೆ. ನಾನು ಅದನ್ನು ಮೊದಲು ಕಂಡದ್ದು ಹೊಲ ಇಲ್ಲದವರ ಕಡೆಯಿಂದ. ನಮ್ಮ ಕಡೆ ಭತ್ತಕ್ಕೆ ನೆಲ್ಲು ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಅವ್ವ ಒಮ್ಮೆ ಹೇಳಿದ್ದಳು: "ನಾವು ಇಪ್ಪತ್ತು ಮಂದಿ ಹೆಣ್ಮಕ್ಕಳು ದಿನಾ ಪೂರ್ತಿ ಬಗ್ಗಿದ್ರ ಒಂದು ಚೀಲ ನೆಲ್ಲು ನೋಡು. ಧಣಿ ಒಂದು ಚೀಲ ಮಾರಿದ್ರ ಸಾಕು, ನಮ್ಮೆಲ್ಲರ ಕೂಲಿ ಮುಗೀತು." ಅದನ್ನು ಅವಳು ದೂರುವ ದನಿಯಲ್ಲಿ ಹೇಳಿರಲಿಲ್ಲ. ಇವತ್ತು ಬಿಸಿಲು ಜೋರಿದೆ ಅಂದ ಹಾಗೆ ಹೇಳಿದ್ದಳು. ಆದರೆ ಆ ಮಾತು ಅವಳ ತಲೆಯಲ್ಲಿ ಸುಮ್ಮನೆ ಕೂತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ನಾಟಿಗೆ ರೊಕ್ಕ, ಕೊಯ್ಲಿಗೆ ಕಾಳು ಎನ್ನುವುದು ಆಗಿನ ಪದ್ಧತಿ. ಪೈರು ಕೊಯ್ದು, ಬಡಿದು, ತೂರಿ ಕೊಟ್ಟರೆ ದಿನಕ್ಕಿಷ್ಟು ಸೇರು ಎಂದು ಭತ್ತವನ್ನೇ ಅಳೆದು ಕೊಡುತ್ತಿದ್ದರು. ಅವ್ವ ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದು ಮೂಲೆಯ ಮಣ್ಣಿನ ಗುಡಾಣಕ್ಕೆ ಸುರಿಯುವಳು. ಮಳೆಗಾಲದ ಹೊಟ್ಟೆಪಾಡು ಆ ಗುಡಾಣದ ಮೇಲೆ ನಿಂತಿತ್ತು. ಆದರೆ ಎರಡು ವರ್ಷ ಈ ಪದ್ಧತಿ ಅಲ್ಲಾಡಿತು. ಮೊದಲನೆಯ ವರ್ಷ ಭತ್ತದ ದರ ಬಿದ್ದಿತ್ತು. ಹೆಂಗಸರು "ಈ ಸಲ ರೊಕ್ಕ ಕೊಡ್ರಿ" ಎಂದು ಕೇಳಿದರು. ಧಣಿ ಒಪ್ಪಲಿಲ್ಲ, ಹಿಂದಿನಿಂದ ಬಂದದ್ದನ್ನು ಬಿಡಬಾರದು ಎಂದರು. ಮರುವರ್ಷ ದರ ಒಮ್ಮೆಲೇ ಏರಿತು. ಕೊಯ್ಲಿನ ದಿನ ಬೆಳಿಗ್ಗೆ ಅದೇ ಧಣಿ ಬದುವಿನ ಮೇಲೆ ನಿಂತು, ಈ ಸಲ ರೊಕ್ಕ ಕೊಡುತ್ತೇನೆ, ಕಾಳಿಲ್ಲ ಎಂದರು.

ಶಾಲೆಗೆ ರಜೆ ಇದ್ದುದರಿಂದ ನಾನೂ ಅವತ್ತು ಕುಡುಗೋಲು ಹಿಡಿದು ಹೋಗಿದ್ದೆ. ಪೈರು ಬಂಗಾರದ ಬಣ್ಣಕ್ಕೆ ತಿರುಗಿ ತೆನೆಯ ಭಾರಕ್ಕೆ ಬಾಗಿತ್ತು. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಮಳೆ ಬಿದ್ದರೆ ಅಷ್ಟೂ ಕಾಳು ಕೆಸರಿಗೆ. ಅವ್ವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಬದುವಿನ ಮೇಲೆ ಕೂತಳು. ಅವಳು ಕೂತದ್ದು ನೋಡಿ ಉಳಿದವರೂ ಕೂತರು.

"ಏನವ್ವಾ, ಮೋಡ ನೋಡಿ ಕುಂತಿಯೇನು?" ಎಂದರು ಧಣಿ.

"ಇಲ್ಲ ಧಣಿ. ಮೋಡ ಇಲ್ಲದಿದ್ರೂ ಕುಂದ್ರತಿದ್ವಿ," ಎಂದಳು ಅವ್ವ. "ಹ್ವಾದ ವರ್ಸ ನೆಲ್ಲಿಗೆ ರೇಟಿರಲಿಲ್ಲ, ರೊಕ್ಕ ಕೇಳಿದ್ವಿ. ನೆಲ್ಲೇ ತಗೊಳ್ರಿ ಅಂದ್ರಿ. ತಗೊಂಡ್ವಿ. ಈ ವರ್ಸ ರೇಟು ಬಂದೈತಿ, ರೊಕ್ಕ ತಗೊಳ್ರಿ ಅಂತೀರಿ. ಯಾವ್ದಾರ ಒಂದು ಹೇಳಿಬಿಡ್ರಿ. ಕಾಳಂದ್ರ ಕಾಳು, ರೊಕ್ಕ ಅಂದ್ರ ರೊಕ್ಕ. ಆದ್ರ ವರ್ಸಾ ವರ್ಸಾ ಬದ್ಲಿಸಬ್ಯಾಡ್ರಿ. ನೀವು ಹೇಳಿದ್ದಕ್ಕ ನಾವೂ ನಿಂದ್ರತೀವಿ."

ಧಣಿ ಕೆಟ್ಟ ಮನುಷ್ಯರಲ್ಲ. ಲಾಭ ಕಂಡ ಕಡೆ ಕೈ ಚಾಚುವುದು ಎಲ್ಲರೂ ಮಾಡುವುದೇ. ಅವರು ಒಮ್ಮೆ ಪೈರಿನ ಕಡೆ, ಒಮ್ಮೆ ಮೋಡದ ಕಡೆ ನೋಡಿದರು. ಆಮೇಲೆ, "ಕಾಳೇ ಇರಲಿ. ಇನ್ನ ಈ ಮಾತು ಬ್ಯಾಡ, ನೀವೂ ಎತ್ತಬಾರದು," ಎಂದರು. ಅವ್ವ ಎದ್ದು ಪೈರಿಗೆ ಕೈ ಹಾಕಿದಳು. ಅವತ್ತು ಹೆಂಗಸರು ಕೊಯ್ದ ಭರಾಟೆಯನ್ನು ನಾನು ಮತ್ತೆ ನೋಡಿಲ್ಲ. ಮಳೆ ಹನಿಯುವ ಹೊತ್ತಿಗೆ ಪೈರಿನ ಕಟ್ಟುಗಳು, ಸಿವುಡುಗಳೆಲ್ಲ ಕಣ ಸೇರಿದ್ದವು.

ಇಷ್ಟೇ ಆಗಿದ್ದರೆ ಇದು ಗೆದ್ದ ಕಥೆ ಅನ್ನಬಹುದಿತ್ತು. ಆದರೆ ಮುಂದಿನ ವರ್ಷ ದರ ಮತ್ತೆ ಬಿತ್ತು. ಗುಂಪಿನ ಹೆಂಗಸರು ನಮ್ಮ ಮನೆಯ ಮುಂದೆ ಬಂದು ಕೂತರು. "ಯಕ್ಕಾ, ನಿನ್ನ ಮಾತು ಕೇಳಿ ಕೆಟ್ವಿ. ಈಗ ಹೋಗಿ ರೊಕ್ಕ ಕೇಳು," ಎಂದರು. ಅವ್ವ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ, "ಮಾತು ಕೊಟ್ಟೀವಿ. ಈಗ ಬಾಯಿ ಬಿಟ್ರ ಮುಂದ ರೇಟು ಏರಿದಾಗ ಯಾವ ಮುಖ ಇಟ್ಕಂಡು ಕೇಳ್ತೀರಿ?" ಎಂದಳು. ಇಬ್ಬರು ಸಿಟ್ಟಾಗಿ ಆ ಸುಗ್ಗಿಗೆ ಬೇರೆ ಗುಂಪಿಗೆ ಹೋದರು. ಅವ್ವ ಅವರನ್ನು ಬೈಯಲಿಲ್ಲ, ಕರೆಯಲೂ ಇಲ್ಲ. ಮುಂದಿನ ನಾಟಿಗೆ ಅವರಾಗಿಯೇ ಬಂದು ಸಾಲಿನಲ್ಲಿ ನಿಂತರು.

ನಾನು ಹೊಸಪೇಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವ ಕಾಲಕ್ಕೆ ಇಡೀ ಸೀಮೆಯ ಗಮನ ಭತ್ತದಿಂದ ಅದಿರಿನ ಕಡೆ ತಿರುಗಿತ್ತು. ಸಂಡೂರಿನ ಗುಡ್ಡಗಳಿಂದ ಇಳಿಯುವ ಲಾರಿಗಳು ರಸ್ತೆಯ ಬದಿಯ ಬೇವಿನ ಗಿಡಗಳನ್ನೂ ಕೆಂಪು ಮಾಡಿದ್ದವು. ಭತ್ತ ಬೆಳೆದು ವರ್ಷಕ್ಕೆ ಎರಡು ಸಲ ರೊಕ್ಕ ನೋಡುವುದಕ್ಕಿಂತ ಒಂದು ಲಾರಿ ಇಟ್ಟರೆ ದಿನಾ ನೋಡಬಹುದು ಎಂದು ಹೊಲ ಇದ್ದವರು ಲಾರಿ ಕೊಂಡರು. ಕೂಲಿಯವರು ಗಣಿಗೆ ಹೋದರು. ಅಲ್ಲಿ ಕೂಲಿ ಗದ್ದೆಯದಕ್ಕಿಂತ ಬಹಳ ಹೆಚ್ಚು. ನಮ್ಮ ಧಣಿಯೂ ಲಾರಿ ಕೊಂಡು ಸಂಡೂರಿನಲ್ಲಿ ಬಾಡಿಗೆ ಕೋಣೆ ಹಿಡಿದರು. ಹೊಲವನ್ನು ಯಾರಿಗಾದರೂ ಗುತ್ತಿಗೆಗೆ ಕೊಡಬೇಕಿತ್ತು. ಕೇಳಿಕೊಂಡು ಬಂದವರು ಹಲವರಿದ್ದರು. ಆದರೆ ಧಣಿ ನಮ್ಮ ಕೇರಿಗೆ ಬಂದು ಅವ್ವನನ್ನು ಕೇಳಿದರು.

"ನಂಗ್ಯಾಕ ಕೇಳ್ತೀರಿ ಧಣಿ? ನಂತಾವ ಎತ್ತಿಲ್ಲ, ಗಾಡಿಯಿಲ್ಲ."

"ಎತ್ತು ಬಾಡಿಗಿಗೆ ಸಿಗತಾವ. ದರ ಬಿದ್ದ ವರ್ಸ ನೀ ಬಾಯಿ ಬಿಡಲಿಲ್ಲಲ್ಲ, ಅದಕ್ಕ ಕೇಳಾಕ ಬಂದೆ," ಎಂದರು ಅವರು.

ಅವ್ವ ಒಬ್ಬಳೇ ಒಪ್ಪಿಕೊಳ್ಳಲಿಲ್ಲ. ಗುಂಪಿನಲ್ಲಿ ಗಣಿಗೆ ಹೋಗದೆ ಉಳಿದಿದ್ದ ಆರು ಹೆಂಗಸರನ್ನು ಕರೆದು ಕೂರಿಸಿದಳು. ಎಲ್ಲರೂ ಸೇರಿ ಹಿಡಿಯೋಣ, ಬೀಜ ಗೊಬ್ಬರಕ್ಕೆ ಸಮವಾಗಿ ಹಾಕೋಣ, ನಾಟಿಗೂ ಕೊಯ್ಲಿಗೂ ನಾವೇ ಆಳು, ಬಂದದ್ದನ್ನು ಸಮವಾಗಿ ಹಂಚಿಕೊಳ್ಳೋಣ ಎಂದಳು. ಅಪ್ಪ ಹಿಂಜರಿದ. ಗಿರಣಿಯಲ್ಲಿ ರೈತರು ದರ ಕೇಳಿ ಮುಖ ಸಣ್ಣಗೆ ಮಾಡಿಕೊಂಡು ಹೋಗುವುದನ್ನು ದಿನಾ ನೋಡುತ್ತಿದ್ದವನು ಅವನು. "ಮಂದಿ ಬಿಟ್ಟು ಹೊಂಟ ಹೊಲ ನೀ ಹಿಡೀತಿ," ಎಂದ. "ಮಂದಿ ಬಿಟ್ಟಿದ್ದಕ್ಕ ನಮಗ ಸಿಕ್ಕೈತಿ," ಎಂದಳು ಅವ್ವ.

ಬೆಳೆ ಚೆನ್ನಾಗಿ ಬಂತು. ಏಳು ಮಂದಿ ಹೆಂಗಸರು ತಮ್ಮದೇ ಬೆಳೆಗೆ ದುಡಿದರೆ ಹೇಗಿರುತ್ತದೆ ಎಂಬುದು ಆ ಗದ್ದೆಯ ಸಾಲುಗಳಲ್ಲೇ ಕಾಣುತ್ತಿತ್ತು. ಒಂದು ಕಡೆಯೂ ಹುಲ್ಲಿರಲಿಲ್ಲ. ಆದರೆ ಎಲ್ಲರಿಗೂ ಬೆಳೆ ಚೆನ್ನಾಗಿ ಬಂದ ವರ್ಷ ಅದು. ಕೊಯ್ಲಿನ ಹೊತ್ತಿಗೆ ರಸ್ತೆಯ ಎರಡೂ ಬದಿಗೆ ಭತ್ತದ ರಾಶಿ. ದಲಾಲಿ ಬಂದು ಹಸಿ ಭತ್ತಕ್ಕೆ ಒಂದು ದರ ಹೇಳಿದ. ಆ ದರಕ್ಕೆ ಕೊಟ್ಟರೆ ಗುತ್ತಿಗೆ, ಗೊಬ್ಬರ, ಎತ್ತಿನ ಬಾಡಿಗೆ ಕಳೆದು ಒಬ್ಬೊಬ್ಬರಿಗೆ ಉಳಿಯುವುದು ಆರು ತಿಂಗಳ ಕೂಲಿಗಿಂತಲೂ ಕಡಿಮೆ. ಒಬ್ಬಳು ಕಣದಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವ್ವ ದಲಾಲಿಗೆ, "ಇವತ್ತು ಕೊಡಾಂಗಿಲ್ಲಪ್ಪ. ನೀ ಹೋಗಿ ಬಾ," ಎಂದಳು.

ಗುತ್ತಿಗೆಯನ್ನು ಧಣಿಗೆ ಭತ್ತದಲ್ಲೇ ಅಳೆದು ಕೊಟ್ಟರು. ಉಳಿದದ್ದನ್ನು ಚೆನ್ನಾಗಿ ಒಣಗಿಸಿ ಏಳೂ ಮನೆಗಳಲ್ಲಿ ಜೋಡಿಸಿದರು. ನಮ್ಮ ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆ ಮೂಲೆ. ಚೀಲಗಳು ಹೆಂಚಿನ ತನಕ ಏರಿದವು. ನಾನು ರಜೆಗೆ ಬಂದರೆ ಚೀಲಗಳ ಮೇಲೆ ಚಾಪೆ ಹಾಸಿ ಮಲಗಬೇಕಿತ್ತು. ಹೊಸ ಭತ್ತದ ವಾಸನೆ ಬಟ್ಟೆಗೆ ಹತ್ತಿ ಹಾಸ್ಟೆಲಿನವರೆಗೂ ಬರುತ್ತಿತ್ತು. ಇಲಿಯಿಂದ ಕಾಯಲು ತಮ್ಮ ಎಲ್ಲಿಂದಲೋ ಒಂದು ಬೆಕ್ಕು ತಂದ. ಅದು ಇಲಿ ಹಿಡಿಯದೆ ಚೀಲದ ಮೇಲೆ ಬೆಚ್ಚಗೆ ನಿದ್ದೆ ಮಾಡುತ್ತಿತ್ತು. ಕೊನೆಗೆ ಅವ್ವನೇ ಹಲಗೆ ಹೊಡೆದು ಬಿಲಗಳನ್ನು ಮುಚ್ಚಿದಳು.

ಭತ್ತ ಮನೆಯಲ್ಲಿದ್ದರೆ ಹೊಟ್ಟೆ ತುಂಬಬಹುದು, ಉಳಿದ ಖರ್ಚು ನಡೆಯಬೇಕಲ್ಲ. ಹೆಂಗಸರು ಅದಕ್ಕೂ ದಾರಿ ಕಂಡುಕೊಂಡರು. ಪಾಪಿನಾಯಕನಹಳ್ಳಿಯ ಕಡೆ ಶೇಂಗಾ ಕೀಳುವ ಕೆಲಸ ಸಿಕ್ಕಿತು. ಅದು ಮುಗಿದ ಮೇಲೆ ಹಂಪಿಯ ಸುತ್ತಿನ ತೋಟಗಳಲ್ಲಿ ಕಬ್ಬು ಕಡಿಯಲು, ಬಾಳೆಗೊನೆ ಹೊರಲು ಹೋದರು. ಬೆಳಿಗ್ಗೆ ಟೆಂಪೋ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಿದ್ದರು. ಬೇರೆಯವರ ಬೆಳೆಗೆ ಕೂಲಿ ಮಾಡಿ ತಮ್ಮ ಬೆಳೆಯನ್ನು ಕಾಯ್ದರು. ಅವರ ಗಂಡಂದಿರಲ್ಲಿ ಒಂದಿಬ್ಬರು, ಮಾರಿ ಕೈ ತೊಳಕೊಳ್ರಿ ಎಂದು ದಿನಾ ರಗಳೆ ಮಾಡುತ್ತಿದ್ದರಂತೆ. ಏಳು ಮನೆಯಲ್ಲಿ ಒಂದೂ ಮನೆ ಮಾರಲು ಚೀಲ ಬಿಚ್ಚಲಿಲ್ಲ.

ಮುಂದಿನದಕ್ಕೆ ನನ್ನದೂ ಸ್ವಲ್ಪ ಪಾಲಿದೆ. ನನ್ನ ತರಗತಿಯ ಗೆಳತಿಯೊಬ್ಬಳ ಮನೆ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿತ್ತು. ಒಂದು ಭಾನುವಾರ ಊಟಕ್ಕೆ ಕರೆದಿದ್ದಳು. ಅವಳ ತಾಯಿ ಅನ್ನ ಬಡಿಸುತ್ತ, ಅಂಗಡಿಯವರು ಹಳೆ ಅಕ್ಕಿ ಎಂದು ಹೇಳಿ ಹೊಸದನ್ನು ಕೊಡುತ್ತಾರೆ, ಅನ್ನ ಮುದ್ದೆಯಾಗುತ್ತದೆ ಎಂದು ಬೇಸರ ಪಟ್ಟುಕೊಂಡರು. ಅವರು ಹೇಳಿದ ದರ ಕೇಳಿ, ಹಳೆ ಅಕ್ಕಿಗೆ ಹೊಸದಕ್ಕಿಂತ ಎಷ್ಟು ಹೆಚ್ಚು ಬೆಲೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಮುಂದಿನ ವಾರ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಹೊಸದಕ್ಕೆಷ್ಟು, ಹಳೆಯದಕ್ಕೆಷ್ಟು ಎಂದು ಕೆದಕಿ ಕೇಳಿದಳು. ಆಮೇಲೆ ಅಪ್ಪನನ್ನು ಕೇಳಿದಳು: "ನೆಲ್ಲು ಮಾರೋದು ಬಿಟ್ಟು ಅಕ್ಕಿ ಮಾಡಿಸಿ ಮಾರಿದ್ರ ಹ್ಯಾಂಗ?"

ಅಪ್ಪ ಹಮಾಲಿಯಾಗಿದ್ದದ್ದು ಆಗ ಉಪಯೋಗಕ್ಕೆ ಬಂತು. ಗಿರಣಿಯವರು ಸಾಮಾನ್ಯವಾಗಿ ಕೂಲಿಯ ಬದಲು ತೌಡು, ನುಚ್ಚು ಇಟ್ಟುಕೊಳ್ಳುತ್ತಾರೆ. ಅಪ್ಪ ಮಾತಾಡಿ, ಅಕ್ಕಿ ಮಾಡಿಸಲು ರೊಕ್ಕ ಕೊಟ್ಟು, ತೌಡು ನುಚ್ಚುಗಳನ್ನೂ ಮನೆಗೆ ತಂದ. ತೌಡನ್ನು ಎಮ್ಮೆ ಕಟ್ಟಿದವರು ಮನೆಗೇ ಬಂದು ಒಯ್ದರು. ನುಚ್ಚಿನ ಅನ್ನ ನಾವು ಉಂಡೆವು. ಬೇಸಿಗೆಯ ಹೊತ್ತಿಗೆ ಭತ್ತ ಹಳತಾಗಿತ್ತು. ಅಕ್ಕಿ ಉದುರುದುರಾಗಿ, ಸ್ವಲ್ಪ ಹಳದಿ ತಿರುಗಿತ್ತು. ಅದನ್ನು ಸಣ್ಣ ಚೀಲಗಳಿಗೆ ತುಂಬಿ, ಅವ್ವ ಇನ್ನೊಬ್ಬ ಹೆಂಗಸಿನ ಜೊತೆ ಹೊಸಪೇಟೆಯ ಬಸ್ಸು ಹತ್ತಿದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಸೇರಿಕೊಂಡೆ.

ಕ್ವಾರ್ಟರ್ಸಿನಲ್ಲಿ ಗೆಳತಿಯ ಮನೆಗೆ ಅವತ್ತು ಬೀಗ ಬಿದ್ದಿತ್ತು; ಅದರಾಚೆಯ ಮೊದಲ ಮನೆಯವರು ಅಂಗಡಿಯಿಂದಲೇ ತರುತ್ತೇವೆ ಎಂದರು. ಎರಡನೆಯ ಮನೆಯಾಕೆ ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿ, ಚೆನ್ನಾಗಿದೆ ಎಂದರು. ಆಮೇಲೆ, "ಯಾವ ಊರು? ಯಾವ ಕೇರಿ?" ಎಂದು ಕೇಳಿದರು. ಅವ್ವ ಊರನ್ನೂ ಹೇಳಿದಳು, ಕೇರಿಯನ್ನೂ ಹೇಳಿದಳು. ಆಕೆ ಅಕ್ಕಿಯನ್ನು ಚೀಲಕ್ಕೆ ಸುರಿದು, ಈಗ ಬೇಡ ಎಂದು ಒಳಗೆ ಹೋದರು. ನಾನು ಚೀಲದ ಬಾಯಿ ಕಟ್ಟಿದೆ. ಊರಿಗೆ ವಾಪಸ್ ಹೋಗಿಬಿಡೋಣ ಎಂದೆ.

"ಯಾಕ? ಇನ್ನ ಎಷ್ಟು ಮನಿ ಅದಾವ ನೋಡು," ಎಂದು ಅವ್ವ ಚೀಲ ಎತ್ತಿ ತಲೆಯ ಮೇಲಿಟ್ಟುಕೊಂಡಳು.

ಮೂರನೆಯ ಮನೆಯಲ್ಲಿ ಅವಳು ಬೇರೆ ರೀತಿ ಮಾತು ಶುರು ಮಾಡಿದಳು. "ಅಮ್ಮಾರೆ, ನಾ ಹೇಳೋದು ನಂಬಬ್ಯಾಡ್ರಿ. ಒಂದು ಹಿಡಿ ತಗೊಂಡು ಒಲಿ ಮ್ಯಾಗ ಇಡ್ರಿ. ಬೇಯೋ ತನಕ ನಾ ಇಲ್ಲೇ ಕುಂತಿರ್ತೀನಿ. ಚಲೋ ಆದ್ರ ತಗೊಳ್ರಿ, ಇಲ್ಲಾಂದ್ರ ಬ್ಯಾಡ."

ಆ ಮನೆಯಾಕೆಗೆ ನಗು ಬಂತು. ಒಳಗೆ ಹೋಗಿ ಅಕ್ಕಿ ತೊಳೆದು ಇಟ್ಟರು. ನಾವು ಮೂವರು ಮೆಟ್ಟಿಲ ಮೇಲೆ ಕೂತೆವು. ಅವ್ವನಿಗೆ ಒಂದಿಷ್ಟೂ ಗಾಬರಿಯಿರಲಿಲ್ಲ. ಎದುರಿನ ಬೇಲಿಯ ದಾಸವಾಳ ನೋಡುತ್ತ, ಇದರ ಟೊಂಗೆ ಒಂದು ಕೇಳಿಕೊಂಡು ಹೋಗಬೇಕು ಎಂದಳು. ಸ್ವಲ್ಪ ಹೊತ್ತಿಗೆ ಆಕೆ ತಟ್ಟೆಯಲ್ಲಿ ಅನ್ನ ಹಾಕಿಕೊಂಡು ಬಂದು ನಮಗೇ ತೋರಿಸಿದರು. ಅಗುಳಿಗೆ ಅಗುಳು ಅಂಟಿರಲಿಲ್ಲ. ಅವರು ಎರಡು ಚೀಲ ತೆಗೆದುಕೊಂಡರು. ಪಕ್ಕದ ಮನೆಯವರನ್ನೂ ಕೂಗಿದರು. ಬಿಸಿಲು ಇಳಿಯುವ ಮೊದಲು ತಂದದ್ದೆಲ್ಲ ಖಾಲಿಯಾಗಿತ್ತು. ದರವನ್ನು ಅವ್ವ ಅಂಗಡಿಯ ಹಳೆ ಅಕ್ಕಿಗಿಂತ ತುಸು ಕಡಿಮೆ ಕಟ್ಟಿದ್ದಳು. ಆದರೂ ಅದು ದಲಾಲಿ ಹೇಳಿದ ದರದ ಲೆಕ್ಕಕ್ಕೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಅವಳ ಮಡಿಲಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ದಾಸವಾಳದ ಟೊಂಗೆಯಿತ್ತು.

ಆಮೇಲಿನ ವರ್ಷಗಳಲ್ಲಿ ಅವಳ ಅಕ್ಕಿ ಕ್ವಾರ್ಟರ್ಸಿಗೆ ಹೋಯಿತು, ಹೊಸಪೇಟೆಯ ಕೆಲವು ಮನೆಗಳಿಗೆ ಹೋಯಿತು, ಹಂಪಿಯಲ್ಲಿ ಊಟದ ಮನೆ ನಡೆಸುತ್ತಿದ್ದ ಒಬ್ಬರಿಗೂ ಹೋಯಿತು. ಏಳು ಹೆಂಗಸರೂ ಸರದಿಯಂತೆ ಬಸ್ಸು ಹತ್ತುತ್ತಿದ್ದರು. ಎಲ್ಲ ವರ್ಷವೂ ಚೆನ್ನಾಗಿತ್ತು ಎಂದಲ್ಲ. ಒಂದು ವರ್ಷ ಕಾಲುವೆಯ ನೀರು ತಡವಾಯಿತು. ಇನ್ನೊಂದು ವರ್ಷ ಹುಳ ಬಿದ್ದು ಅರ್ಧ ಬೆಳೆ ಹೋಯಿತು. ಆ ವರ್ಷ ಅವ್ವ ಅಕ್ಕಿಗೆ ದರ ಏರಿಸಲಿಲ್ಲ. ಕೊಳ್ಳುವವರು ಕೈ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದಳು. ಅವಳ ಜೊತೆಗಿದ್ದ ಇಬ್ಬರಿಗೆ ಅದು ಸರಿ ಕಾಣಲಿಲ್ಲ. ಜಗಳವೂ ಆಯಿತು. ಅವರಲ್ಲಿ ಒಬ್ಬಾಕೆ ಗುಂಪು ಬಿಟ್ಟಳು. ಅವಳ ಪಾಲನ್ನು ಅವ್ವ ಅವತ್ತೇ ಅಳೆದು ಕೊಟ್ಟಳು.

ಅದಿರಿನ ಕೆಲಸ ನಿಂತಾಗ ಸಂಡೂರಿನ ರಸ್ತೆಗಳು ಒಮ್ಮೆಲೇ ಖಾಲಿಯಾದವು. ಸಾಲುಸಾಲು ಲಾರಿಗಳು ಹೊಲದ ಅಂಚಿನಲ್ಲಿ ನಿಂತು ತುಕ್ಕು ಹಿಡಿದವು. ನಮ್ಮ ಧಣಿ ಊರಿಗೆ ಮರಳಿದರು. ಇನ್ನು ಅಷ್ಟೂ ಹೊಲ ನೋಡಿಕೊಳ್ಳುವ ಶಕ್ತಿ ತಮಗಿಲ್ಲ, ಒಂದು ಭಾಗ ಮಾರುತ್ತೇನೆ, ಮೊದಲು ನಿನ್ನನ್ನೇ ಕೇಳುತ್ತಿದ್ದೇನೆ ಎಂದು ಅವ್ವನಿಗೆ ಹೇಳಿ ಕಳಿಸಿದರು. ಅಷ್ಟು ಹೊತ್ತಿಗೆ ನನಗೆ ವಡ್ಡು ಹತ್ತಿರದ ಉಕ್ಕಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ನನ್ನ ಸಂಬಳದಿಂದ ಕೊಡುತ್ತೇನೆ ಎಂದೆ. ಅವ್ವ ಬೇಡವೆನ್ನಲಿಲ್ಲ, ಆದರೆ ಬಹುಪಾಲು ಅವಳ ಅಕ್ಕಿಯದೇ ಆಗಿತ್ತು. ಒಂದೂವರೆ ಎಕರೆ ಅವ್ವನ ಹೆಸರಿಗಾಯಿತು. ಗುಂಪಿನ ಇಬ್ಬರು ಹೆಂಗಸರು ಪಕ್ಕದಲ್ಲೇ ತುಂಡು ತುಂಡು ಕೊಂಡರು. ಹೊಲದ ಪತ್ರ ಬರೆಸಿದ ದಿನ ಅಪ್ಪ ಗದ್ದೆಯ ಸುತ್ತ ಒಂದು ಸುತ್ತು ಬಂದು, ಬದುವಿನ ಮೇಲೆ ಕೂತು ಬೀಡಿ ಹಚ್ಚಿದ. ಬಹಳ ಹೊತ್ತು ಎದ್ದೇಳಲಿಲ್ಲ. ಮನೆಯಲ್ಲಿ ಅವ್ವ ಬುದ್ಧನ ಪಟದ ಮುಂದೆ ದೀಪ ಹಚ್ಚಿ, ಉಳಿದ ಆರೂ ಮನೆಗೆ ಪಾಯಸ ಕಳಿಸಿದಳು. ಗುಂಪು ಬಿಟ್ಟವಳ ಮನೆಗೂ.

ಈಗ ನೆಟ್ಟಗೆ ಹೇಳಬೇಕೆಂದರೆ, ಭತ್ತದ ದರ ನನ್ನ ಬಾಲ್ಯಕ್ಕಿಂತ ಎಷ್ಟೋ ಪಟ್ಟು ಏರಿದೆ, ಆದರೆ ಕೂಲಿ ಅದಕ್ಕಿಂತ ಜೋರಾಗಿ ಏರಿದೆ. ಒಂದು ಚೀಲ ಭತ್ತ ಮಾರಿದರೆ ಇಪ್ಪತ್ತು ಮಂದಿಯ ಕೂಲಿ ತೀರುತ್ತಿದ್ದ ಗದ್ದೆಯಲ್ಲಿ ಈಗ ನಾಲ್ಕೈದು ಮಂದಿಯದು ತೀರಿದರೆ ಹೆಚ್ಚು. ಕೊಯ್ಲಿಗೆ ಯಂತ್ರ ಬರುತ್ತದೆ. ಸೇರಿನಲ್ಲಿ ಕಾಳು ಅಳೆಯುವ ಪದ್ಧತಿ ನನ್ನ ತಮ್ಮನ ಮಕ್ಕಳಿಗೆ ಕಥೆಯಂತೆ ಕೇಳುತ್ತದೆ. ಔಷಧಿ ಹೊಡೆಯಲು ಡ್ರೋನು ತರುವ ಹುಡುಗರಿದ್ದಾರೆ. ನಾಟಿಗೆ ಮಾತ್ರ ನಮ್ಮಲ್ಲಿ ಇನ್ನೂ ಹೆಂಗಸರೇ ಬೇಕು. ಆದರೆ ಆ ವಯಸ್ಸಿನ ಹುಡುಗಿಯರು ಕಾರ್ಖಾನೆಯ ಬಸ್ಸು ಹತ್ತುತ್ತಾರೆ. ಉಳಿದವರು ಎಕರೆಗೆ ಇಷ್ಟು ಎಂದು ಗುತ್ತಿಗೆ ಹೇಳುತ್ತಾರೆ, ಹೇಳಿದಷ್ಟು ಕೊಡಬೇಕು.

ಎರಡು ವರ್ಷದ ಹಿಂದೆ ನಾಟಿಯ ಹೊತ್ತಿಗೆ ನಾನು ಊರಿನಲ್ಲಿದ್ದೆ. ಗುಂಪಿನ ಮುಂದಾಳು ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಮೊಬೈಲು. ತಮ್ಮ ಅವಳ ಜೊತೆ ಚೌಕಾಸಿ ಮಾಡುತ್ತಿದ್ದ. ಅವಳು ಒಂದು ಪೈಸೆ ಇಳಿಯಲಿಲ್ಲ. "ಅಣ್ಣಾ, ಆಕಡಿ ಗದ್ದಿಯವರು ಇದಕ್ಕಿಂತ ಜಾಸ್ತಿ ಕೊಡ್ತೀನಿ ಅಂದಾರ. ಅಜ್ಜಿ ಮುಖ ನೋಡಿ ಬಂದೀವಿ," ಎಂದಳು. ತಮ್ಮ ಅವ್ವನ ಕಡೆ ತಿರುಗಿದ. ಅವಳು ಕೋಲು ಊರಿಕೊಂಡು ನಿಂತಿದ್ದಳು.

"ಕೇಳಿದಷ್ಟು ಕೊಡಪ್ಪ," ಎಂದಳು. ಆಮೇಲೆ ಆ ಹೆಂಗಸಿಗೆ, "ಸಸಿ ಒತ್ತೊತ್ತಾಗಿ ಹಚ್ಚಬ್ಯಾಡ್ರವ್ವಾ, ಸ್ವಲ್ಪ ಅಂತರ ಬಿಡ್ರಿ. ಮಧ್ಯಾಹ್ನದ ಊಟ ನಮ್ಮ ಮನಿದು," ಎಂದಳು. ತಮ್ಮನಿಗೆ ಸಿಟ್ಟು ಬಂದು, ಹೀಗಾದರೆ ಉಳಿಯುವುದೇನು ಎಂದು ಗೊಣಗಿದ. ಅವನ ಮಾತೂ ಸುಳ್ಳಲ್ಲ. ಡೀಸೆಲ್, ಗೊಬ್ಬರ, ಯಂತ್ರದ ಬಾಡಿಗೆ ಎಲ್ಲ ಕಳೆದರೆ ಭತ್ತವೊಂದನ್ನೇ ನಂಬಿದವನಿಗೆ ಬಹಳ ಉಳಿಯುವುದಿಲ್ಲ. ಅವ್ವನ ಮನೆಯಲ್ಲಿ ಉಳಿಯುವುದು ಹಳೆ ಅಕ್ಕಿಯಿಂದ. ಈಗ ಅದನ್ನು ತಮ್ಮನ ಹೆಂಡತಿ ಫೋನಿನಲ್ಲೇ ಆರ್ಡರ್ ತೆಗೆದುಕೊಂಡು ಕಳಿಸುತ್ತಾಳೆ.

ಆಮೇಲಿನ ಬೇಸಿಗೆ ಬೆಳೆಗೆ ಕಾಲುವೆಯಲ್ಲಿ ನೀರು ಬಿಡಲಿಲ್ಲ. ಅಕ್ಕಪಕ್ಕದವರು ಗದ್ದೆಯನ್ನು ಬೀಳು ಬಿಟ್ಟರು. ಅವ್ವ ಭೂಮಿಯ ಹಸಿ ಆರುವ ಮೊದಲೇ ಬಿಳಿ ಜೋಳ ಬಿತ್ತಿಸಿದಳು. ಭತ್ತದ ಗದ್ದೆಯಲ್ಲಿ ಜೋಳವೇ ಎಂದು ಜನ ನಕ್ಕರು. ನಾನು ಚಿಕ್ಕವಳಿದ್ದಾಗ ಜೋಳ ಬಡವರ ಊಟ; ಗುಡಾಣ ಖಾಲಿಯಾದ ಮೇಲೆ ಅನ್ನ ಹಬ್ಬಕ್ಕೆ ಮಾತ್ರ. ಈಗ ವಡ್ಡು ಹತ್ತಿರದ ಅಂಗಡಿಯಲ್ಲಿ ನಾನೇ ಜೋಳವನ್ನು ಅಕ್ಕಿಗಿಂತ ಹೆಚ್ಚು ದರಕ್ಕೆ ಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಯವರು, ತೂಕ ಇಳಿಸುವವರು, ಹಂಪಿಗೆ ಬಂದು ಜೋಳದ ರೊಟ್ಟಿ ಕೇಳುವವರು ಎಲ್ಲ ಸೇರಿ ಅದರ ನಸೀಬು ತಿರುಗಿಸಿದ್ದಾರೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೊಸಪೇಟೆಗೆ ಹೋದಾಗಲೆಲ್ಲ ಎಲ್ಲ ಕಾಳಿನ ದರ ಕೇಳಿಕೊಂಡು ಬರುವುದು ಅವಳ ಅಭ್ಯಾಸ. ಜೋಳ ಅಷ್ಟೇನೂ ಹೆಚ್ಚು ಬರಲಿಲ್ಲ, ಆದರೆ ಖರ್ಚೂ ಇರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಸಾಲಿನ ಗದ್ದೆಗಳಲ್ಲಿ ರೊಕ್ಕ ಕಂಡದ್ದು ಅವಳದೊಂದೇ.

ಆ ರೊಕ್ಕದಲ್ಲಿ ಅವಳು ಬೋಧಗಯೆಗೆ ಹೋಗುತ್ತೇನೆ ಎಂದಳು. ಗುಂಪಿನಲ್ಲಿ ಇನ್ನೂ ಓಡಾಡುವ ಮೂವರು ಹೆಂಗಸರನ್ನೂ ಕರೆದುಕೊಂಡಳು. ಅವರಲ್ಲಿ ಯಾರೂ ಹೊಸಪೇಟೆ, ಬಳ್ಳಾರಿ ದಾಟಿ ಹೋದವರಲ್ಲ. ನಾನು ರಜೆ ಹಾಕಿ ಜೊತೆಗೆ ಹೊರಟೆ. ಕಾಲುವೆಗೆ ನೀರು ಬಿಡಲು ಇನ್ನೂ ಸಮಯವಿತ್ತು. ಹೊಸಪೇಟೆ ಸ್ಟೇಷನ್ನಿನಲ್ಲಿ ನಾಲ್ವರೂ ಗರಿಗರಿ ಒಣಗಿಸಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು, ಒಬ್ಬರ ಸೆರಗು ಒಬ್ಬರು ಹಿಡಿದು ರೈಲು ಹತ್ತಿದರು.

ಗಯೆ ಹತ್ತಿರ ಬರುತ್ತಿದ್ದಂತೆ ಕಿಟಕಿಯ ಹೊರಗೆ ಮಳೆ, ನೀರು ತುಂಬಿದ ಗದ್ದೆ, ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದ ಹೆಂಗಸರು. ನಾಲ್ವರೂ ಕಿಟಕಿಗೆ ಅಂಟಿಕೊಂಡರು. "ಏನ್ ಜಲ್ದಿ ಹಚ್ತಾರ ನೋಡು," ಎಂದಳು ಒಬ್ಬಳು. ಅವ್ವ ಎದುರಿನ ಸೀಟಿನಲ್ಲಿ ಕೂತಿದ್ದ ಆ ಕಡೆಯ ಹೆಂಗಸನ್ನು ಹಂಪಿಯಲ್ಲಿ ಅಕ್ಕಿ ಮಾರುತ್ತ ಕಲಿತ ತನ್ನ ಹರಕು ಹಿಂದಿಯಲ್ಲಿ, ಕೈಸನ್ನೆಯಲ್ಲಿ ಮಾತಿಗೆಳೆದಳು. ಇಲ್ಲಿ ನಾಟಿಗೆ ದಿನದ ಕೂಲಿ ಏನು, ರೊಕ್ಕವೋ ಕಾಳೋ ಎಂದು ಕೇಳಿದಳು. ಆ ಹೆಂಗಸು ಹೇಳಿದ್ದು ಅರ್ಥವಾಗದೆ ಎರಡು ಸಲ ಕೇಳಿಸಿಕೊಂಡು, ನನ್ನ ಕಡೆ ತಿರುಗಿದಳು. ನಾನು ಹೇಳಿದೆ.

"ನಮಗಿಂತ ಭಾಳ ಕಮ್ಮಿ," ಎಂದಳು ಅವ್ವ. ಮುಖ ಸಪ್ಪಗಾಯಿತು. ರೈಲು ನಿಧಾನವಾಗಿತ್ತು. ಬದುವಿನ ಮೇಲೆ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತು, ಛತ್ರಿ ಹಿಡಿದ ಗಂಡಸಿನ ಜೊತೆ ಏನೋ ಮಾತಾಡುತ್ತಿದ್ದಳು. ಅವ್ವ ಕಿಟಕಿಯ ಸರಳುಗಳಿಗೆ ಹಣೆ ಒತ್ತಿ, ಅವಳು ಮರೆಯಾಗುವ ತನಕ ನೋಡಿದಳು.